ಅಮೃತಬಳ್ಳಿ ಮತ್ತು ಪುರಾವೆಯ ಹೊಣೆ

ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳ ಕನ್ನಡ ಮನೆಗಳಲ್ಲಿ ಚಳಿಗಾಲ ಕಾಲಿಟ್ಟೊಡನೆ ಕಷಾಯದ ಪುಡಿ, ಚ್ಯವನಪ್ರಾಶ, ಅಮೃತಬಳ್ಳಿಯ ಮಾತ್ರೆಗಳು ಕಪಾಟಿನ ಮುಂದಿನ ಸಾಲಿಗೆ ಬರುತ್ತವೆ. ಅಜ್ಜಿಯ ಕಷಾಯದ ಬಗ್ಗೆ ತಕರಾರೇನೂ ಇಲ್ಲ. ನೆಗಡಿಯಾದಾಗ ಶುಂಠಿ-ಮೆಣಸಿನ ಬಿಸಿ ಗಂಟಲಿಗೆ ಹಿತ. ತಕರಾರಿರುವುದು ಆ ನೆನಪನ್ನೇ ಸೀಸೆಗೆ ತುಂಬಿ, ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂಬ ಚೀಟಿ ಅಂಟಿಸಿ ಮಾರುವ ವ್ಯವಹಾರದ ಬಗ್ಗೆ.

ರೋಗನಿರೋಧಕ ವ್ಯವಸ್ಥೆಯು ತುಂಬಿದಷ್ಟೂ ಒಳಿತೆನ್ನಲು ತೊಟ್ಟಿಯ ನೀರಲ್ಲ. ಅದು ದಾರಿ ತಪ್ಪಿ ಸ್ವಂತ ದೇಹದ ಮೇಲೆಯೇ ಎರಗಿದಾಗ ಲೂಪಸ್‌ನಂಥ ಕಾಯಿಲೆಗಳು ಹುಟ್ಟುತ್ತವೆ.

2020ರಲ್ಲಿ ಭಾರತದ ಆಯುಷ್ ಸಚಿವಾಲಯವು ಕೋವಿಡ್ ಕಾಲದ ರಕ್ಷಣೆಗೆಂದು ಚ್ಯವನಪ್ರಾಶ, ಕಷಾಯಗಳನ್ನು ಸೂಚಿಸಿತು. ಅದೇ ಜೂನ್‌ನಲ್ಲಿ ಪತಂಜಲಿಯು ಅಮೃತಬಳ್ಳಿ, ತುಳಸಿ, ಅಶ್ವಗಂಧಗಳಿದ್ದ ಕೊರೊನಿಲ್ ಅನ್ನು ಕೋವಿಡ್‌ಗೆ ಮದ್ದೆಂದು ಬಿಡುಗಡೆ ಮಾಡಿತು. ಪರವಾನಗಿ ಕೊಟ್ಟದ್ದು ರೋಗನಿರೋಧಕ ಶಕ್ತಿವರ್ಧಕಕ್ಕೇ ಹೊರತು ಕೊರೊನಾ ಔಷಧಕ್ಕಲ್ಲ ಎಂದು ಉತ್ತರಾಖಂಡದ ಅಧಿಕಾರಿಗಳೇ ಹೇಳಬೇಕಾಯಿತು. ಮರುವರ್ಷ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ನಂತರ ಭಾರತದ ಹಲವು ಆಸ್ಪತ್ರೆಗಳ ಅಧ್ಯಯನವೊಂದು ಇಂಥ 43 ರೋಗಿಗಳನ್ನು ದಾಖಲಿಸಿತು. ಅವರಲ್ಲಿ ಬಹಳ ಮಂದಿಗೆ ಸ್ವಯಂ-ಪ್ರತಿರಕ್ಷಾ ಯಕೃತ್ ರೋಗದ ಲಕ್ಷಣಗಳಿದ್ದವು. ಸೇವಿಸಿದ್ದು ಬೇರೊಂದು ಬಳ್ಳಿಯಿರಬಹುದೆಂದು ಸಚಿವಾಲಯ ಆಕ್ಷೇಪಿಸಿತು. ಆ ಆಕ್ಷೇಪವನ್ನು ಒಪ್ಪಿದರೂ, ಮಾತ್ರೆಯೊಳಗೆ ಯಾವ ಬಳ್ಳಿಯಿದೆ ಎಂಬುದನ್ನು ಕೊಳ್ಳುವವರು ತಿಳಿಯುವುದು ಹೇಗೆ? ನ್ಯಾಯವಾಗಿ ಹೇಳುವುದಾದರೆ, ಇಂಥ ವರದಿಗಳಿಂದ ಸೇವಿಸಿದವರಲ್ಲಿ ಎಷ್ಟು ಮಂದಿಗೆ ಹಾನಿಯಾಗುತ್ತದೆಂದು ಲೆಕ್ಕ ಹಾಕಲಾಗದು. ಎಚ್ಚರಿಕೆಗೆ ಮಾತ್ರ ಅವು ಸಾಕು.

‘ಆಸ್ಟ್ರೇಲಿಯಾದಲ್ಲಿ ಮಾರುವುದೆಲ್ಲ ಪರೀಕ್ಷೆಯಾದದ್ದೇ’ ಎಂಬ ನಂಬಿಕೆಯೂ ಹುಸಿ. ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಟಿಜಿಎ, ‘ಆಸ್ಟ್ ಆರ್’ ಸಂಖ್ಯೆಯ ಔಷಧಗಳ ಪರಿಣಾಮವನ್ನು ಮಾರಾಟಕ್ಕೆ ಮುನ್ನ ಪರಿಶೀಲಿಸುತ್ತದೆ. ಬಹುಪಾಲು ಗಿಡಮೂಲಿಕೆಗಳು ಹೊತ್ತಿರುವ ‘ಆಸ್ಟ್ ಎಲ್’ ಸಂಖ್ಯೆಗೆ ಆ ಪರಿಶೀಲನೆಯಿಲ್ಲ. ಪುರಾವೆ ತಮ್ಮಲ್ಲಿದೆ ಎಂದು ಮಾರಾಟಗಾರರೇ ಘೋಷಿಸಿದರಾಯಿತು. ನೆಗಡಿಗೆಂದು ಇಲ್ಲಿ ಮಾರುವ ನೆಲಬೇವು ತೀವ್ರ ಅಲರ್ಜಿ ತರಬಲ್ಲದೆಂದು ಟಿಜಿಎ 2015ರಲ್ಲಿ ತನ್ನ ಸುರಕ್ಷತಾ ವಿಮರ್ಶೆಯನ್ನೇ ಪ್ರಕಟಿಸಬೇಕಾಯಿತು. ಅದೇ ವರ್ಷ ಪರ್ತ್ ಮತ್ತು ಅಡಿಲೇಡ್‌ನ ವಿಜ್ಞಾನಿಗಳು 26 ಚೀನೀ ಸಾಂಪ್ರದಾಯಿಕ ಔಷಧಗಳನ್ನು ಪರೀಕ್ಷಿಸಿದಾಗ, ಹತ್ತರಲ್ಲಿ ಸುಮಾರು ಒಂಬತ್ತರಲ್ಲಿ ಚೀಟಿಯಲ್ಲಿಲ್ಲದ ವಸ್ತುಗಳು ಸಿಕ್ಕವು.

ಹಾಗೆಂದು ಗಿಡಮೂಲಿಕೆಗಳನ್ನು ಸರಿಯಾಗಿ ಪರೀಕ್ಷಿಸಲಾಗದು ಎಂದಲ್ಲ. ಬ್ರಿಸ್ಬೇನ್ ಮತ್ತು ಗೋಲ್ಡ್ ಕೋಸ್ಟ್‌ನಲ್ಲಿರುವ ಗ್ರಿಫಿತ್ ವಿಶ್ವವಿದ್ಯಾಲಯದ ಸಂಶೋಧಕರು ದೂರದೇಶಕ್ಕೆ ಹಾರುವ 312 ಎಕಾನಮಿ ದರ್ಜೆಯ ಪ್ರಯಾಣಿಕರಲ್ಲಿ ಕೆಲವರಿಗೆ ಎಲ್ಡರ್‌ಬೆರಿ ಮಾತ್ರೆಯನ್ನೂ ಉಳಿದವರಿಗೆ ಹುಸಿಮಾತ್ರೆಯನ್ನೂ ಕೊಟ್ಟು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆಗಡಿಯಾದವರು ಮೊದಲ ಗುಂಪಿನಲ್ಲಿ 12, ಎರಡನೆಯದರಲ್ಲಿ 17. ಈ ಅಂತರ ಕೇವಲ ಆಕಸ್ಮಿಕವಿರಬಹುದು. ಆದರೆ ಎಲ್ಡರ್‌ಬೆರಿ ಸೇವಿಸಿದವರ ನೆಗಡಿ ಬೇಗ ಇಳಿಯಿತು. ‘ನೆಗಡಿಯನ್ನು ತಡೆಯುತ್ತದೆಂದು ಸಾಬೀತಾಗಿಲ್ಲ, ಅವಧಿ ತಗ್ಗಿಸಬಹುದು’ ಎಂಬಷ್ಟೇ ಪ್ರಾಮಾಣಿಕ ಮಾತು. ಜಾಹೀರಾತು ಇಷ್ಟಕ್ಕೆ ನಿಲ್ಲುವುದಿಲ್ಲ.

ಪಾಶ್ಚಾತ್ಯ ಔಷಧ ಕಂಪನಿಗಳ ಲಾಭಕೋರತನವನ್ನು ಪ್ರಶ್ನಿಸುವವರು ದೇಶೀ ಕಂಪನಿಗಳ ಲಾಭಕೋರತನಕ್ಕೆ ಪರಂಪರೆಯ ಹೆಸರಿನಲ್ಲಿ ರಿಯಾಯಿತಿ ಕೊಡಲಾಗದು. ಊರಿಂದ ಬರುವ ತಂದೆತಾಯಿಯರ ಪೆಟ್ಟಿಗೆಯಲ್ಲಿ ಮಧುಮೇಹದ ಗುಳಿಗೆಯ ಜೊತೆಗೇ ಈ ಸೀಸೆಗಳೂ ಇರುತ್ತವೆ. ಇಲ್ಲಿನ ವೈದ್ಯರ ಮುಂದೆ ಎರಡನ್ನೂ ಇಡುವುದು ಅಜ್ಜಿಗೆ ಮಾಡುವ ಅವಮಾನವಲ್ಲ.