ಒಳ್ಳೆಯವನಾದರೆ ಮಾತ್ರ ಬಿಡುಗಡೆಯಾ?

ಮೊದಲೇ ಹೇಳಿಬಿಡ್ತೀನಿ: ಈ ಬರಹದಲ್ಲಿ 'ಡೇರ್‌ಡೆವಿಲ್: ಬಾರ್ನ್ ಅಗೇನ್' ಸರಣಿಯ ಮೂರನೇ ಕಂತಿನ ಕಥೆ ಪೂರ್ತಿ ಬಯಲಾಗುತ್ತದೆ. ಇನ್ನೂ ನೋಡದವರು ನೋಡಿಕೊಂಡು ಬನ್ನಿ, ನಾನೆಲ್ಲೂ ಹೋಗಲ್ಲ.

2025ರ ಮಾರ್ಚ್‌ನಲ್ಲಿ ಆ ಕಂತು ಬಂದ ವಾರ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಬೇರೆ ಮಾತೇ ಇರಲಿಲ್ಲ. ಮಾಸ್ಕ್ ಹಾಕಿಕೊಂಡು ಹೊಡೆದಾಡುತ್ತಿದ್ದ ಹೀರೋ ಸೂಟು ಹಾಕಿಕೊಂಡು ಕೋರ್ಟಿನಲ್ಲಿ ವಾದ ಮಾಡುವ ಕಂತು ಅದು. "ಆ ಒಂದು ಸೀನ್ ನೋಡಿ ಮೈ ಜುಂ ಅಂತು" ಅಂದರು ಎಲ್ಲರೂ. ಸುಳ್ಳು ಯಾಕೆ ಹೇಳಲಿ, ನನಗೂ ಅಂತು. ಟೀವಿ ಆರಿಸಿ ಮಲಗಿದ ಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ.

ಕಥೆ ಇಷ್ಟು. ಹೆಕ್ಟರ್ ಅಯಾಲಾ ನ್ಯೂಯಾರ್ಕಿನಲ್ಲಿರುವ, ಪೋರ್ಟೊರಿಕೊ ಮೂಲದ ಮನುಷ್ಯ. ಸಬ್‌ವೇ ನಿಲ್ದಾಣದಲ್ಲಿ ಇಬ್ಬರು ಸೇರಿಕೊಂಡು ಒಬ್ಬನನ್ನು ಚಚ್ಚುತ್ತಿರುವುದನ್ನು ನೋಡಿ ಬಿಡಿಸಲು ಹೋಗುತ್ತಾನೆ. ಎಳೆದಾಟದಲ್ಲಿ ಹೊಡೆಯುತ್ತಿದ್ದವರಲ್ಲಿ ಒಬ್ಬ ಹಳಿಗೆ ಬಿದ್ದು ರೈಲಿಗೆ ಸಿಕ್ಕಿ ಸಾಯುತ್ತಾನೆ. ನೋಡಿದರೆ ಅವನು ಮಫ್ತಿಯಲ್ಲಿದ್ದ ಪೊಲೀಸ್. ಹೆಕ್ಟರ್ ಮೇಲೆ ಕೊಲೆ ಕೇಸು ಬೀಳುತ್ತದೆ. ಅವನ ಪರ ನಿಲ್ಲುವವನು ಕಣ್ಣು ಕಾಣದ ವಕೀಲ ಮ್ಯಾಟ್ ಮರ್ಡಾಕ್, ಅಂದರೆ ನಮ್ಮ ಡೇರ್‌ಡೆವಿಲ್. ಹೆಕ್ಟರ್‌ಗೂ ಒಂದು ಗುಟ್ಟಿದೆ. ರಾತ್ರಿ ಹೊತ್ತು ಮುಖ ಮುಚ್ಚಿಕೊಂಡು ಜನರನ್ನು ಕಾಪಾಡುವ 'ವೈಟ್ ಟೈಗರ್' ಅವನೇ. ಊರಿಗೆ ಹೊಸ ಮೇಯರ್ ಆಗಿರುವವನು ವಿಲ್ಸನ್ ಫಿಸ್ಕ್, ಇಂಥ ಮುಸುಕುಧಾರಿಗಳನ್ನು ಕಂಡರೆ ಕೆಂಡ ಕಾರುವವನು.

ಇಡೀ ಕೇಸು ನಿಂತಿರುವುದು ಒಬ್ಬ ಸಾಕ್ಷಿಯ ಮೇಲೆ, ಅವತ್ತು ಏಟು ತಿಂದ ನಿಕಿ ಎಂಬ ಹುಡುಗನ ಮೇಲೆ. ಅವನು ಕಟಕಟೆ ಹತ್ತುತ್ತಾನೆ, ಪೊಲೀಸರ ಭಯಕ್ಕೆ "ನಾನು ಅಲ್ಲಿರಲೇ ಇಲ್ಲ" ಅಂತಾನೆ. ಕೇಸು ಬಿದ್ದೇಹೋಯಿತು ಅನ್ನುವಾಗ ಮ್ಯಾಟ್ ಎದ್ದು ನಿಂತು, ಹೆಕ್ಟರ್‌ನ ಒಪ್ಪಿಗೆ ಕೇಳದೆ, ತುಂಬಿದ ಕೋರ್ಟಿನಲ್ಲಿ ಇವನೇ ವೈಟ್ ಟೈಗರ್ ಅಂತ ಹೇಳಿಬಿಡುತ್ತಾನೆ. ಟೈಗರ್ ಎಷ್ಟು ಜನರನ್ನು ಉಳಿಸಿದ್ದಾನೆ ಅನ್ನುವ ಮಾತು ಬರುತ್ತದೆ. ಜ್ಯೂರಿ ಕರಗುತ್ತದೆ. ನಿರಪರಾಧಿ ಅಂತ ತೀರ್ಪು.

ಮೈ ಜುಂ ಅಂದಿದ್ದು ಇಲ್ಲೇ. ನನ್ನ ತಕರಾರು ಇರುವುದೂ ಇಲ್ಲೇ.

ಆ ಗುಟ್ಟು ಯಾರದ್ದು? ಕಕ್ಷಿದಾರ ನಂಬಿ ಹೇಳಿದ ಮಾತು ಕಕ್ಷಿದಾರನದ್ದೇ ಅನ್ನುವುದು ವಕೀಲಿಕೆಯ ಮೊದಲ ಪಾಠ. ಬಯಲಾದರೆ ಬೆಲೆ ತೆರಬೇಕಾದವನು ಹೆಕ್ಟರ್, ಅವನ ಹೆಂಡತಿ. ಮ್ಯಾಟ್ ಅಲ್ಲ. ತಾನೇ ಡೇರ್‌ಡೆವಿಲ್ ಅನ್ನುವುದನ್ನು ಆ ಮಹಾಶಯ ಅವತ್ತು ಕೋರ್ಟಿಗೆ ಹೇಳಲಿಲ್ಲ, ಗಮನಿಸಿ. ತನ್ನ ಮುಖವಾಡ ಜೋಪಾನ, ಇನ್ನೊಬ್ಬನದ್ದು ಬಹಿರಂಗ. ಆಫೀಸಿನಲ್ಲಿ ನಿಮ್ಮ ಮ್ಯಾನೇಜರ್ ನಿಮ್ಮ ಆರೋಗ್ಯದ ವಿಷಯವನ್ನು "ನಿನ್ನ ಒಳ್ಳೇದಕ್ಕೇ ಹೇಳ್ದೆ ಕಣೋ" ಅಂತ ಟೀಮಿನ ಮುಂದೆ ಬಿಚ್ಚಿಟ್ಟರೆ ಚಪ್ಪಾಳೆ ಹೊಡೀತೀರಾ?

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ವಿಚಾರಣೆಯ ಪ್ರಶ್ನೆ ಏನಾಗಿತ್ತು? ಅವತ್ತು ಪ್ಲಾಟ್‌ಫಾರ್ಮಿನ ಮೇಲೆ ಏನಾಯಿತು, ಇವನು ಬೇಕಂತಲೇ ಕೊಂದನಾ ಅನ್ನುವುದು. ಅದನ್ನು ಸಾಬೀತು ಮಾಡುವ ಹೊರೆ ಪ್ರಾಸಿಕ್ಯೂಷನ್‌ನದ್ದು. ಆರೋಪಿ ನಿರಪರಾಧಿ ಅಂತಲೇ ಹಿಡಿದು ಶುರು ಮಾಡಬೇಕು ಎನ್ನುವುದು ಕ್ರಿಮಿನಲ್ ಕಾನೂನಿನ ತಳಪಾಯ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1895ರಲ್ಲೇ, ಕಾಫಿನ್ ಪ್ರಕರಣದಲ್ಲಿ, ಹೇಳಿಯಾಗಿದೆ. ಕಂತಿನ ಕೊನೆಗೆ ಆ ಪ್ರಶ್ನೆ ಮಾಯವಾಗಿ ಅದರ ಜಾಗದಲ್ಲಿ ಬೇರೊಂದು ಬಂದು ಕೂತಿರುತ್ತದೆ: ಇವನು ಒಳ್ಳೆಯವನಾ? ಹೌದು, ಒಳ್ಳೆಯವನು. ಹಾಗಾದರೆ ಬಿಟ್ಟುಬಿಡಿ.

ಅಲ್ಲಾ ಸ್ವಾಮಿ, ಹೆಕ್ಟರ್ ಬರೀ ಹೆಕ್ಟರ್ ಆಗಿದ್ದಿದ್ದರೆ? ಯಾರನ್ನೂ ಉಳಿಸದ, ಸಾಲ ಮಾಡಿಕೊಂಡಿರುವ, ಪಕ್ಕದ ಮನೆಯವರ ಜೊತೆ ಜಗಳವಾಡುವ ಸಾಮಾನ್ಯ ಮನುಷ್ಯನಾಗಿದ್ದು, ಅವತ್ತು ಒಂದೇ ಒಂದು ಸಲ ಯಾರನ್ನೋ ಬಿಡಿಸಲು ಹೋಗಿದ್ದಿದ್ದರೆ? ಜೈಲಿಗೆ ಹೋಗಬೇಕಿತ್ತಾ?

ನನ್ನ ಗೆಳತಿಯೊಬ್ಬಳು ಲಾ ಓದಿದವಳು. ಅವಳು ಒಪ್ಪಲಿಲ್ಲ. "ಆರೋಪಿ ತನ್ನ ನಡತೆ ಒಳ್ಳೆಯದು ಅಂತ ಸಾಕ್ಷಿ ತರೋದಕ್ಕೆ ಅಮೆರಿಕದ ಕಾನೂನಿನಲ್ಲೇ ಅವಕಾಶ ಇದೆ. ಇರೋ ಒಬ್ಬ ಸಾಕ್ಷಿ ಕೈಕೊಟ್ಟ ಮೇಲೆ ಮ್ಯಾಟ್ ಇನ್ನೇನು ಮಾಡ್ಬೇಕಿತ್ತು?" ಅಂದಳು. ನ್ಯಾಯವಾದ ಪ್ರಶ್ನೆ. ಆದರೆ ಆ ಅವಕಾಶ ಯಾಕಿದೆ ಅಂತ ನೋಡಿ. ಪ್ರಾಸಿಕ್ಯೂಷನ್ ತಾನಾಗಿಯೇ "ಇವನು ಕೆಟ್ಟ ನಡತೆಯವನು, ಅದಕ್ಕೇ ಇವನೇ ಮಾಡಿರ್ತಾನೆ" ಅಂತ ಶುರು ಮಾಡುವ ಹಾಗಿಲ್ಲ. ಆರೋಪಿ ಮೊದಲು ನಡತೆಯ ಮಾತು ತೆಗೆದರೆ ಮಾತ್ರ ಅವರೂ ಅದಕ್ಕೆ ಉತ್ತರ ಕೊಡಬಹುದು. ಅದು ಆರೋಪಿಗೆ ಕೊಟ್ಟ ಗುರಾಣಿ, ಅವನು ಕಟ್ಟಬೇಕಾದ ಶುಲ್ಕ ಅಲ್ಲ. ಗುರಾಣಿ ಇಲ್ಲದವನಿಗೂ ಅದೇ ನ್ಯಾಯ ಸಿಗಬೇಕು.

ಹೌದು, ಕಂತು ಮ್ಯಾಟ್‌ನನ್ನು ಸುಮ್ಮನೆ ಬಿಡುವುದಿಲ್ಲ. ಬಿಡುಗಡೆಯಾದ ಹೆಕ್ಟರ್ ಮತ್ತೆ ಟೈಗರ್ ಆಗಿ ಹೊರಟಾಗ, ಎದೆ ಮೇಲೆ ತಲೆಬುರುಡೆ ಚಿತ್ರ ಇರುವವನೊಬ್ಬ ಬಂದು ಗುಂಡು ಹೊಡೆದು ಸಾಯಿಸುತ್ತಾನೆ. ಆ ಪಾತ್ರ ಮಾಡಿದ ಕಮಾರ್ ಡೆ ಲಾಸ್ ರೇಯೆಸ್ ಸರಣಿ ತೆರೆಕಾಣುವ ಮೊದಲೇ, 2023ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದರು. ಅದು ಗೊತ್ತಿದ್ದು ನೋಡಿದರೆ ಗಂಟಲು ಕಟ್ಟುತ್ತದೆ. ಆದರೆ ಅಲ್ಲೂ ನಾವು ಅಳುವುದು ಒಬ್ಬ ಹೀರೋ ಸತ್ತ ಅಂತ. ಅವನನ್ನು ಬಿಡಿಸಿದ ವಾದ ಸರಿಯಿತ್ತಾ ಅಂತ ಯಾರೂ ಕೇಳಲ್ಲ.

ಇದೇ ಹೆಕ್ಟರ್‌ನ ವಿಚಾರಣೆ 2002ರಲ್ಲಿ ಡೇರ್‌ಡೆವಿಲ್ ಕಾಮಿಕ್ಸ್‌ನಲ್ಲಿ ಬಂದಿತ್ತು. ಬರೆದವರು ಬ್ರಯಾನ್ ಮೈಕಲ್ ಬೆಂಡಿಸ್. ಅದರಲ್ಲಿ ಹೆಕ್ಟರ್ ಟೈಗರ್ ಅನ್ನುವುದು ಎಲ್ಲರಿಗೂ ಗೊತ್ತು, ಆದರೂ ಜ್ಯೂರಿ ತಪ್ಪಿತಸ್ಥ ಅನ್ನುತ್ತದೆ. ಕೋರ್ಟಿನ ಹೊರಗೆ ಅವನು ಗುಂಡಿಗೆ ಬಲಿಯಾಗುತ್ತಾನೆ. ನಿರಪರಾಧಿಯಾಗಿದ್ದ ಅನ್ನುವುದು ಆಮೇಲೆ ತಿಳಿಯುತ್ತದೆ. ಓದಿ ಮುಗಿಸಿದಾಗ ಯಾರಿಗೂ ಮೈ ಜುಂ ಅನ್ನಲ್ಲ, ಹೊಟ್ಟೆ ತೊಳಸುತ್ತದೆ. ನನ್ನ ಪ್ರಕಾರ ಅದೇ ಪ್ರಾಮಾಣಿಕ ಕಥೆ.

ಇನ್ನೊಂದು ವಿಷಯ ಕೇಳಿ. ವೈಟ್ ಟೈಗರ್ ಪಾತ್ರವನ್ನು 1975ರಲ್ಲಿ ಹುಟ್ಟುಹಾಕಿದವರು ಬಿಲ್ ಮ್ಯಾಂಟ್ಲೊ ಮತ್ತು ಜಾರ್ಜ್ ಪೆರೆಜ್. ಈ ಮ್ಯಾಂಟ್ಲೊ ಮುಂದೆ ಲಾ ಓದಿ, ಬ್ರಾಂಕ್ಸ್‌ನಲ್ಲಿ ವಕೀಲರಿಗೆ ಫೀಸು ಕೊಡಲಾಗದ ಆರೋಪಿಗಳ ಪರ ವಾದಿಸುವ ಕೆಲಸಕ್ಕೆ ಸೇರಿದರು. ಅವರ ಕಕ್ಷಿದಾರರಲ್ಲಿ ಸೂಪರ್‌ಹೀರೋ ಯಾರೂ ಇದ್ದಿರಲಿಕ್ಕಿಲ್ಲ.

ಅಂಥವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಅಂತ ಅಮೆರಿಕದಲ್ಲಿ ತೀರ್ಪು ಬಂದದ್ದು 1963ರಲ್ಲಿ. ತಂದವನು ಕ್ಲಾರೆನ್ಸ್ ಗಿಡಿಯನ್. ಫ್ಲೋರಿಡಾದ ಒಂದು ಪೂಲ್ ಹಾಲಿಗೆ ನುಗ್ಗಿ ಕಳ್ಳತನ ಮಾಡಿದ ಅಂತ ಅವನಿಗೆ 5 ವರ್ಷ ಶಿಕ್ಷೆಯಾಗಿತ್ತು. ಅದಕ್ಕೂ ಮೊದಲೇ ಹಲವು ಸಲ ಜೈಲು ಕಂಡವನು. ಜೈಲಿನಲ್ಲಿ ಕೂತು ಪೆನ್ಸಿಲ್ಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ, ಗೆದ್ದ. ಮರುವಿಚಾರಣೆಯಲ್ಲಿ ಅವನಿಗೆ ಸಿಕ್ಕ ವಕೀಲ ಮುಖ್ಯ ಸಾಕ್ಷಿಯ ಮಾತನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದ. ಸುಮಾರು ಒಂದು ಗಂಟೆಯಲ್ಲಿ ಜ್ಯೂರಿ ಬಿಡುಗಡೆ ಅಂದಿತು. ಗಿಡಿಯನ್ ಒಳ್ಳೆಯವನು ಅಂತ ಅಲ್ಲ, ಆರೋಪ ನಿಲ್ಲಲಿಲ್ಲ ಅಂತ. ಅಂಥ ಒಂದು ಗಂಟೆ ಟೀವಿಯಲ್ಲಿ ನೋಡಬೇಕು ಅಂತ ನನ್ನ ಆಸೆ.

ಒಂದು ಟೀವಿ ಕಂತಿಗೆ ಇಷ್ಟು ತಲೆಬಿಸಿ ಯಾಕೆ ಅಂತೀರಾ? ಕಾರಣ ಇದೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ರಾತ್ರಿ ಪಾಳಿಯ ಹೊತ್ತಿಗೆ ಲ್ಯಾಪ್‌ಟಾಪ್ ಒಂದು ಕಾಣೆಯಾಯಿತು. ಅನುಮಾನ ಇಬ್ಬರ ಮೇಲೆ ಬಂತು: ಪ್ಯಾಂಟ್ರಿಯ ಹುಡುಗ, ಮತ್ತೆ ಹೊಸದಾಗಿ ಬಂದಿದ್ದ ಸೆಕ್ಯೂರಿಟಿಯವನು. ಪ್ಯಾಂಟ್ರಿಯ ಹುಡುಗ ನಮಗೆಲ್ಲ ಬೇಕಾದವನು, ಯಾರ ಚಹಾಕ್ಕೆ ಎಷ್ಟು ಸಕ್ಕರೆ ಅಂತ ನೆನಪಿಟ್ಟುಕೊಂಡವನು. "ಅವನು ಅಂಥವನಲ್ಲ" ಅಂತ ನಾನೇ ಎಚ್‌ಆರ್‌ಗೆ ಮೇಲ್ ಬರೆದೆ, ಹತ್ತಾರು ಜನ ದನಿಗೂಡಿಸಿದರು. ಹುಡುಗ ಉಳಿದ. ಸೋಮವಾರ ಬಂದು ನೋಡಿದರೆ ಸೆಕ್ಯೂರಿಟಿಯವನು ಇರಲಿಲ್ಲ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ನಮಗ್ಯಾರಿಗೂ ಅವನ ಹೆಸರು ಗೊತ್ತಿರಲಿಲ್ಲ. ಲ್ಯಾಪ್‌ಟಾಪ್ ಯಾರು ತೆಗೆದರು ಅಂತ ಕೊನೆಗೂ ತಿಳಿಯಲಿಲ್ಲ.

ಆ ಮೇಲ್ ಬಗ್ಗೆ ನನಗೆ ಬಹಳ ದಿನ ಹೆಮ್ಮೆ ಇತ್ತು. ಈ ಕಂತು ನೋಡಿದ ರಾತ್ರಿ ಅದು ಹೋಯಿತು. ನಾನು ಬರೆಯಬೇಕಾಗಿದ್ದು "ಅವನು ಅಂಥವನಲ್ಲ" ಅಂತ ಅಲ್ಲ. "ಇಬ್ಬರ ಮೇಲೂ ಸಾಕ್ಷಿ ಏನಿದೆ, ತೋರಿಸಿ" ಅಂತ. ಅಷ್ಟು ಬರೆದಿದ್ದರೆ ಹೆಸರು ಗೊತ್ತಿಲ್ಲದವನ ಪರವಾಗಿಯೂ ಒಂದು ಮಾತು ಆಡಿದಂತಾಗುತ್ತಿತ್ತು.