ಹಳೇ ಲ್ಯಾಪ್‌ಟಾಪು, ಎರಡು ಟ್ರಂಕು ಕ್ಯಾಸೆಟ್ಟು

ಗುಜರಿಯವನಿಗೆ ಕೊಡೋಣ ಅಂತ ಹಳೇ ಲ್ಯಾಪ್‌ಟಾಪ್ ಎತ್ತಿಟ್ಟಿದ್ದರೆ ಈ ವಾರದ ಅಂಕಣ ಓದಿ ಮುಗಿಸುವವರೆಗೆ ಸ್ವಲ್ಪ ತಡೀರಿ. ಹೊಸ ವಿಂಡೋಸ್ ಅದರಲ್ಲಿ ಓಡದಿರಬಹುದು, ಪರದೆ ಮೇಲೆ ಗೆರೆ ಬಿದ್ದಿರಬಹುದು. ಹಾಡು ನುಡಿಸೋಕೆ ಅದ್ಯಾವುದೂ ಅಡ್ಡಿಯಲ್ಲ. ಮನೆಯ ಹಾಡುಗಳನ್ನೆಲ್ಲ ಒಂದೇ ಕಡೆ ಜೋಡಿಸಿಟ್ಟುಕೊಂಡು, ಬೇಕಾದಾಗ ಬೇಕಾದ ಕೋಣೆಗೆ ಕಳಿಸುವ ಕಂಪ್ಯೂಟರಿಗೆ ಮ್ಯೂಸಿಕ್ ಸರ್ವರ್ ಅಂತಾರೆ. ಹೆಸರು ದೊಡ್ಡದು, ಕೆಲಸ ಮಾತ್ರ ಉಗ್ರಾಣದ್ದು.

ಈ ವಿಷಯ ಎತ್ತಿಕೊಳ್ಳೋಕೆ ಕಾರಣ ನಮ್ಮ ನ್ಯೂ ಟೌನಿನ ಹಿರಿಯರೊಬ್ಬರು. ವಿಐಎಸ್‌ಎಲ್‌ನಲ್ಲಿ ದುಡಿದು ನಿವೃತ್ತರಾದವರು, ಈಗ ಕ್ವಾರ್ಟರ್ಸ್ ಖಾಲಿ ಮಾಡಿ ಬೆಂಗಳೂರಿಗೆ ಮಗನ ಫ್ಲ್ಯಾಟಿಗೆ ಹೊರಟಿದ್ದಾರೆ. ಎರಡು ಬೆಡ್‌ರೂಮಿನ ಮನೆಯಲ್ಲಿ ಎರಡು ಟ್ರಂಕು ಕ್ಯಾಸೆಟ್ ಎಲ್ಲಿಡೋದು ಅಂತ ಸೊಸೆ ಕೇಳಿದ್ದಾಳೆ, ನ್ಯಾಯವಾದ ಪ್ರಶ್ನೆಯೇ. ಮಗ ಮಾತ್ರ, “ಅಪ್ಪಾ, ಅದೆಲ್ಲಾ ಈಗ ಹೈ-ರೆಸ್‌ನಲ್ಲಿ ನೆಟ್ಟಲ್ಲೇ ಸಿಗುತ್ತೆ, ಬಿಸಾಕಿ ಬನ್ನಿ” ಅಂದನಂತೆ. ರಾಯರು ನನ್ನನ್ನು ಕೇಳಿದ್ದು ಇಷ್ಟೆ: “ಹೌದೇನ್ರೀ? ಎಲ್ಲಾ ಸಿಗುತ್ತಾ?”

ಒಂದು ಟ್ರಂಕಿನ ಮಟ್ಟಿಗೆ ಮಗನ ಮಾತು ಹೆಚ್ಚುಕಡಿಮೆ ಸರಿ. ಅದರಲ್ಲಿರುವುದು ಅಂಗಡಿಯಿಂದ ಕೊಂಡು ತಂದವು. ಚಿತ್ರಗೀತೆ, ದೇವರನಾಮ, ಭಾವಗೀತೆ. 1978ರಲ್ಲಿ ಬಂದು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎನಿಸಿಕೊಂಡ ‘ನಿತ್ಯೋತ್ಸವ’ ಅಲ್ಲಿದೆ. ನಿಸಾರ್ ಅಹಮದರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದು. ನಿಸಾರರು ಶಿವಮೊಗ್ಗದಲ್ಲಿ ಮೇಷ್ಟ್ರಾಗಿದ್ದವರಾದ್ದರಿಂದ ನಮ್ಮ ಕಡೆಯವರಿಗೆ ಅದರ ಮೇಲೆ ಒಂದು ತೂಕ ಹೆಚ್ಚು ಪ್ರೀತಿ. ಶಿವಮೊಗ್ಗ ಸುಬ್ಬಣ್ಣನವರ ಕ್ಯಾಸೆಟ್ಟುಗಳಂತೂ ಹತ್ತಾರಿವೆ. ಇಂಥವು ಇನ್ನೆಲ್ಲೋ, ಇನ್ಯಾರ ಬಳಿಯೋ ಇದ್ದೇ ಇರುತ್ತವೆ.

ಎರಡನೇ ಟ್ರಂಕಿನ ಕಥೆ ಬೇರೆ. ಅದರಲ್ಲಿರುವುದು ಖಾಲಿ ಕ್ಯಾಸೆಟ್ ತಂದು ಮನೆಯಲ್ಲೇ ತುಂಬಿಸಿದ್ದು. ಭದ್ರಾವತಿ ಆಕಾಶವಾಣಿ 1965ರಿಂದ ನಮ್ಮೂರಲ್ಲಿದೆ, ರೇಡಿಯೋ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಕಾರ್ಯಕ್ರಮಗಳಿವೆ. ಗಣಪತಿ ಪೆಂಡಾಲಿನಲ್ಲಿ ನಡೆದ ಗಮಕ ವಾಚನವಿದೆ. ಗಮಕ ಅಂದರೆ ಈ ಕಡೆ ಸುಮ್ಮನೆ ಮಾತಲ್ಲ, 2022ರಲ್ಲಿ ಪದ್ಮಶ್ರೀ ಪಡೆದ ಕೇಶವಮೂರ್ತಿಗಳ ಹೊಸಹಳ್ಳಿ ಇಲ್ಲೇ ತುಂಗೆಯ ದಡದಲ್ಲಿದೆ. ಇವುಗಳ ನಡುವೆ ರಾಯರ ತಾಯಿ ಹಾಡಿದ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಎರಡು ಬದಿ ತುಂಬ. ಹಿಂದೆ ಪಾತ್ರೆ ಸದ್ದು, ಯಾರೋ “ಸುಮ್ನಿರ್ರೋ, ಅಜ್ಜಿ ಹಾಡ್ತಿದಾರೆ” ಅಂತ ಮಕ್ಕಳನ್ನು ಗದರುವುದು. ಇದು ಯಾವ ನೆಟ್ಟಿನಲ್ಲೂ ಸಿಗುವುದಿಲ್ಲ. ಜಗತ್ತಿನಲ್ಲಿ ಇರುವುದು ಅದೊಂದೇ ಪ್ರತಿ, ಅದೂ ಮಲೆನಾಡಿನ ಮಳೆಗಾಲಗಳನ್ನು ಕಂಡು ಬೂಷ್ಟು ಹಿಡಿಯುತ್ತಿರುವ ಪ್ರತಿ.

ಈಗ ‘ಹೈ-ರೆಸ್’ಗೆ ಬರೋಣ. ಧ್ವನಿಯನ್ನು ಕಂಪ್ಯೂಟರ್ ಸೆಕೆಂಡಿಗೆ ಇಂತಿಷ್ಟು ಸಲ ಅಳೆದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ, ಪ್ರತಿ ಅಳತೆಗೆ 16 ಬಿಟ್. ಹೈ-ರೆಸ್ ಅಂದರೆ ಇದಕ್ಕಿಂತ ಹೆಚ್ಚು: ಸಾಮಾನ್ಯವಾಗಿ 24 ಬಿಟ್, 96 ಅಥವಾ 192 ಕಿಲೋಹರ್ಟ್ಸ್. ಎಷ್ಟು ಸಲ ಅಳೆಯುತ್ತೀರೋ ಅದರ ಅರ್ಧದವರೆಗಿನ ಕಂಪನಗಳು ಸಿಕ್ಕುತ್ತವೆ ಅನ್ನುವುದು ಲೆಕ್ಕ. ಅಂದರೆ ಸಿ.ಡಿ.ಯಲ್ಲೇ 22 ಕಿಲೋಹರ್ಟ್ಸ್‌ವರೆಗೆ ಬಂದಾಯಿತು. ಮನುಷ್ಯರ ಕಿವಿ ಎಳೆವಯಸ್ಸಿನಲ್ಲಿ 20ರವರೆಗೆ ಕೇಳಿದರೆ ಹೆಚ್ಚು, ಅರವತ್ತು ದಾಟಿದ ಬಹಳ ಮಂದಿಗೆ 12ರ ಮೇಲಿನದು ಕೇಳುವುದೇ ಕಷ್ಟ.

ಹಾಗಾದರೆ ಹೈ-ರೆಸ್ ಕೇಳಿದಾಗ ವ್ಯತ್ಯಾಸ ಗೊತ್ತಾಗುತ್ತದಾ? ಮೆಯರ್ ಮತ್ತು ಮೋರಾನ್ ಎಂಬ ಇಬ್ಬರು ಅಮೆರಿಕದಲ್ಲಿ 554 ಸಲ ಕೇಳಿಸಿ ನೋಡಿ 2007ರಲ್ಲಿ ಬರೆದರು. ಹೈ-ರೆಸ್ ಡಿಸ್ಕನ್ನೂ, ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿದ್ದನ್ನೂ ಕೇಳಿದವರು ಸರಿಯಾಗಿ ಗುರುತಿಸಿದ್ದು ಅರ್ಧದಷ್ಟು ಸಲ, ಅಂದರೆ ನಾಣ್ಯ ಚಿಮ್ಮಿದಷ್ಟೇ. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಇಂಥ ಹಲವು ಪರೀಕ್ಷೆಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದಾಗ ಅದು ನೂರಕ್ಕೆ 52ರ ಆಸುಪಾಸಿಗೆ ಬಂತು. ವ್ಯತ್ಯಾಸ ಇದೆ ಅನ್ನುವವರಿಗೂ ಇಲ್ಲ ಅನ್ನುವವರಿಗೂ ಜಗಳಕ್ಕೆ ಇದು ಸಾಕು. ನನ್ನ ಅಭಿಪ್ರಾಯ ಕೇಳಿದರೆ, 192ರ ಹಿಂದೆ ಹೋಗುವ ದುಡ್ಡಿನಲ್ಲಿ ಒಳ್ಳೇ ಸ್ಪೀಕರ್ ತಗೊಳ್ಳಿ. ರೇಡಿಯೋದಿಂದ ಹಿಡಿದ ಕ್ಯಾಸೆಟ್ಟಿಗಂತೂ 192 ತಮಾಷೆ. ನಮ್ಮೂರ ಮಧ್ಯಮ ತರಂಗ 675 ಕಿಲೋಹರ್ಟ್ಸ್‌ನದು. ಆ ತರಂಗದಲ್ಲಿ ಒಂದೊಂದು ಸ್ಟೇಷನ್ನಿಗೆ 9 ಕಿಲೋಹರ್ಟ್ಸ್ ಜಾಗ, ಸಾಮಾನ್ಯ ರೇಡಿಯೋದಿಂದ ಹೊರಗೆ ಬರುವ ಸದ್ದು ನಾಲ್ಕೈದು ಕಿಲೋಹರ್ಟ್ಸ್ ದಾಟುವುದೇ ಅಪರೂಪ.

ಹೈ-ರೆಸ್‌ನಿಂದ ನಿಜವಾಗಿ ಉಪಯೋಗ ಇರುವುದು ಒಂದು ಕಡೆ: ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸುವಾಗ. ಅಲ್ಲೂ ಬೇಕಿರುವುದು 24 ಬಿಟ್ ಅನ್ನುವ ಭಾಗ. 16 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಸದ್ದು ಜಾಸ್ತಿ ಇಟ್ಟರೆ ಎತ್ತರದ ಸ್ವರ ಒಡೆಯುತ್ತೆ, ಕಡಿಮೆ ಇಟ್ಟರೆ ಗೊರಗೊರ ಅನ್ನುತ್ತೆ. 24 ಬಿಟ್ ಇದ್ದರೆ ಮುಳ್ಳು ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಧಾರಾಳವಾಗಿ ತಗ್ಗಿಸಿಟ್ಟು ನಿಶ್ಚಿಂತೆಯಿಂದಿರಬಹುದು. ಅಜ್ಜಿ ಮೆಲ್ಲಗೆ ಶುರು ಮಾಡಿ ಇದ್ದಕ್ಕಿದ್ದಂತೆ ದನಿ ಏರಿಸಿದರೂ ಒಡೆಯಲ್ಲ. 24 ಬಿಟ್, 96 ಕಿಲೋಹರ್ಟ್ಸ್ ಇಟ್ಟುಕೊಳ್ಳಿ. ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 2 ಜಿಬಿ. ಫ್ಲ್ಯಾಕ್ ಎಂಬ ರೂಪದಲ್ಲಿ ಉಳಿಸಿದರೆ ಅದರ ಅರ್ಧಕ್ಕೋ ಮುಕ್ಕಾಲಿಗೋ ಇಳಿಯುತ್ತೆ, ಎಂಪಿ3ಯಲ್ಲಿ ಆಗುವಂತೆ ಸದ್ದಿನಲ್ಲಿ ಏನೂ ಕಳೆದುಹೋಗಲ್ಲ. ರಾಯರ 200 ಕ್ಯಾಸೆಟ್ಟೂ ಒಂದು ಟಿಬಿ ಡ್ರೈವಿನ ಅರ್ಧದೊಳಗೇ ಕೂರುತ್ತವೆ. ಜಾಗಕ್ಕಿಂತ ದೊಡ್ಡ ಲೆಕ್ಕ ಸಮಯದ್ದು. ಗಂಟೆಯ ಕ್ಯಾಸೆಟ್ ಇಳಿಸೋಕೆ ಒಂದು ಗಂಟೆಯೇ ಬೇಕು, ಒಳಹಾದಿ ಇಲ್ಲ. ದಿನಕ್ಕೆ ಎರಡರಂತೆ ಮಾಡಿದರೂ ನೂರು ದಿನ. ಆದ್ದರಿಂದ ಎರಡನೇ ಟ್ರಂಕಿನಿಂದ ಶುರು ಮಾಡಿ ಅಂದೆ.

ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿಗೆ ನೇರವಾಗಿ ಸಿಕ್ಕಿಸಬೇಡಿ, ಹೆಚ್ಚಿನವುಗಳಲ್ಲಿ ಅದು ಮೈಕಿಗೆ ಅಂತ ಮಾಡಿದ ಮೋನೋ ದಾರಿ. ಲೈನ್-ಇನ್ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬೇಕು. ತೀರಾ ಅಗ್ಗದವು 16 ಬಿಟ್‌ಗೇ ನಿಲ್ಲುತ್ತವೆ, ಡಬ್ಬಿ ಮೇಲೆ ನೋಡಿಕೊಳ್ಳಿ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೇ ಹಾಕಿದರೆ ಡೆಕ್ಕಿನ ಹೆಡ್ಡಿಗೂ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತೆ. ಮೊದಲು ಒಣಗಿದ ಜಾಗದಲ್ಲಿಟ್ಟು, ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ. ಪ್ರತಿ ಕ್ಯಾಸೆಟ್ಟಾದ ಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹೆಡ್ ಒರೆಸಿ. ಸದ್ದು ಕಂಬಳಿ ಹೊದ್ದಂತಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ ನೋಡಿ. ಟೇಪ್‌ರೆಕಾರ್ಡರ್ ಕಾಲದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಸುಲಭಕ್ಕೆ ಕಣ್ಣಿಗೆ ಬೀಳದ ತೊಂದರೆ ವೇಗದ್ದು. ಹಳೇ ಡೆಕ್ಕಿನ ಬೆಲ್ಟ್ ಸಡಿಲಾಗಿ ಟೇಪು ನೂರಕ್ಕೆ 6ರಷ್ಟು ನಿಧಾನವಾದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆ ಕೆಳಕ್ಕೆ ಜಾರುತ್ತೆ. ಅಮ್ಮನ ದನಿ ಅಪ್ಪನ ದನಿಯಾಗುತ್ತೆ ಅನ್ನುವುದು ಉತ್ಪ್ರೇಕ್ಷೆ, ಆದರೆ ಅಮ್ಮನ ದನಿಯಾಗಿ ಉಳಿಯಲ್ಲ. ಇಲ್ಲಿ ಮೊದಲ ಟ್ರಂಕು ಉಪಯೋಗಕ್ಕೆ ಬಂತು. ಸಿ.ಡಿ.ಯಲ್ಲೂ ಇರುವ ಒಂದು ಕ್ಯಾಸೆಟ್ಟನ್ನು ಅದೇ ಡೆಕ್ಕಿನಲ್ಲಿ ಹಾಕಿ ಗಡಿಯಾರ ಹಿಡಿದು ನೋಡಿ. 5 ನಿಮಿಷದ ಹಾಡು 5 ನಿಮಿಷ 6 ಸೆಕೆಂಡ್ ತಗೊಂಡರೆ ಡೆಕ್ಕು ನೂರಕ್ಕೆ 2ರಷ್ಟು ನಿಧಾನ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅಷ್ಟನ್ನು ಸರಿಪಡಿಸಬಹುದು. ಆದರೆ ಮೊದಲು ಇಳಿಸಿದ ಕಡತ ಮುಟ್ಟಬೇಡಿ, ತಿದ್ದುವುದೆಲ್ಲ ನಕಲಿನ ಮೇಲೆ. ಹಿಸ್ಸನ್ನುವ ಸದ್ದು ತೆಗೆಯುವ ಆಸೆಯೂ ಅಷ್ಟರಲ್ಲೇ ಇರಲಿ. ಜಾಸ್ತಿ ಒರೆಸಿದರೆ ಹಾಡಿದವರು ನೀರೊಳಗಿಂದ ಹಾಡಿದ ಹಾಗಾಗುತ್ತೆ.

ಇಳಿಸಿದ್ದಕ್ಕೆ ಹೆಸರಿಡುವ ಕೆಲಸ ಇದಕ್ಕಿಂತ ದೊಡ್ಡದು. ಸರ್ವರಿಗೆ ಅರ್ಥವಾಗುವುದು ಕಡತದೊಳಗೆ ಬರೆದ ಹೆಸರು, ಅಂದರೆ ಟ್ಯಾಗ್. ಕನ್ನಡದಲ್ಲೇ ಬರೆಯಿರಿ, ಆದರೆ ಯೂನಿಕೋಡಿನಲ್ಲಿ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪಟ್ಟಿಗಳನ್ನು ಹಾಗೇ ಅಂಟಿಸಿದರೆ ಚೀನೀ ಬಾಣಗಳಂಥ ಚಿಹ್ನೆಗಳು ಬರುತ್ತವೆ. ಫ್ಲ್ಯಾಕ್ ಕಡತಗಳಲ್ಲಿ ನಿಮ್ಮದೇ ಹೊಸ ಕಲಂ ಸೇರಿಸಬಹುದು. ಕಲಮಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಬೇಕು, ಒಳಗಿನ ವಿವರ ಕನ್ನಡದಲ್ಲಿರಬಹುದು. ಇದು ನಮಗೆ ದೊಡ್ಡ ಅನುಕೂಲ. ಪರದೇಶದ ತಂತ್ರಾಂಶಕ್ಕೆ ಗೊತ್ತಿರುವುದು ಕಲಾವಿದ ಮತ್ತು ಆಲ್ಬಂ. ಭಾವಗೀತೆಯಲ್ಲಿ ಕವಿ ಬೇರೆ, ರಾಗ ಹಾಕಿದವರು ಬೇರೆ, ಹಾಡಿದವರು ಬೇರೆ. ದೇವರನಾಮಕ್ಕೆ ಅಂಕಿತ, ರಾಗ, ತಾಳ ಬೇಕು. ಗಮಕದಲ್ಲಿ ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಹಸೆಹಾಡಿಗೆ ಹಾಡಿದವರ ಹೆಸರು, ಯಾರ ಮದುವೆ, ಯಾವ ಊರು.

ಒಂದೇ ಹೆಸರನ್ನು ಒಂದೇ ರೀತಿ ಬರೆಯದಿದ್ದರೆ ಫಜೀತಿ. ‘ಅಶ್ವಥ್’, ‘ಅಶ್ವತ್ಥ್’, ‘ಸಿ. ಅಶ್ವಥ್’ ಅಂತ ಬರೆದರೆ ಸರ್ವರಿನಲ್ಲಿ ಮೂವರು ಗಾಯಕರು ಹುಟ್ಟುತ್ತಾರೆ. ರಾಜ್‌ಕುಮಾರ್ ಅವರಿಗೆ ಎಷ್ಟು ರೂಪ ಬರಬಹುದು ನೀವೇ ಎಣಿಸಿ. ಕಡತದ ಹೆಸರಿಗೆ ಇನ್ನೊಂದು ಮಿತಿಯಿದೆ. ಲಿನಕ್ಸ್‌ನಲ್ಲಿ ಅದು 255 ಬೈಟ್ ಮೀರುವಂತಿಲ್ಲ, ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಒತ್ತಕ್ಷರ, ಕಾಗುಣಿತ ಎಲ್ಲ ಪ್ರತ್ಯೇಕ ಲೆಕ್ಕ. ‘ಸ್ತ್ರೀ’ ಅನ್ನುವ ಒಂದೇ ಅಕ್ಷರ 18 ಬೈಟ್ ತಿನ್ನುತ್ತೆ. ವಿಂಡೋಸಿನಲ್ಲಿ ಸರಿಯಾಗಿದ್ದ ಉದ್ದುದ್ದ ಹೆಸರಿನ ಕಡತಗಳು ಲಿನಕ್ಸಿಗೆ ನಕಲಾಗದೆ ನಿಂತರೆ ಇದೇ ಕಾರಣ. ಕಡತದ ಹೆಸರು ಚಿಕ್ಕದಿರಲಿ, ವಿವರ ಎಲ್ಲ ಟ್ಯಾಗಿನಲ್ಲಿರಲಿ.

ಇಷ್ಟಾದ ಮೇಲೆ ಸರ್ವರ್ ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ವಿಂಡೋಸಿನಲ್ಲೇ ಇರುವವರಿಗೆ ಫೂಬಾರ್2000 ಸಾಕು. ಅದರಲ್ಲಿ ‘ಎಕ್ಸ್‌ಕ್ಲೂಸಿವ್’ ಆಯ್ಕೆ ಮಾಡಿ, ಹಾಡಿನ ಮಧ್ಯೆ ಕಂಪ್ಯೂಟರಿನ ಟಿಂಗ್ ಸದ್ದು ಬರಲ್ಲ. ಇಡೀ ಮನೆಗೆ ಬೇಕಾದರೆ ಲಿರಿಯನ್ ಮ್ಯೂಸಿಕ್ ಸರ್ವರ್ ಇದೆ. ಅದನ್ನು ಮಾಡಿದ ಕಂಪನಿಯನ್ನು 2006ರಲ್ಲಿ ಲಾಜಿಟೆಕ್ ಕೊಂಡುಕೊಂಡಿತು, 2012ರಲ್ಲಿ ಅದರ ಯಂತ್ರಗಳನ್ನು ಮಾಡುವುದನ್ನೇ ನಿಲ್ಲಿಸಿತು. ಬಳಸುತ್ತಿದ್ದವರೇ ಕೈಹಾಕಿ ತಂತ್ರಾಂಶವನ್ನು ಇವತ್ತಿಗೂ ನಡೆಸುತ್ತಿದ್ದಾರೆ. ಕಾರ್ಖಾನೆ ಮುಚ್ಚುವ ಸುದ್ದಿ ಕೇಳೀ ಕೇಳೀ ಸಾಕಾದ ನಮ್ಮೂರವರಿಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ. ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಡ್ಯಾಕ್, ಅಂದರೆ ಅಂಕಿಯನ್ನು ಮತ್ತೆ ಸದ್ದು ಮಾಡುವ ಪೆಟ್ಟಿಗೆ, ಅಲ್ಲಿಂದ ಹಳೇ ಆಂಪ್ಲಿಫೈಯರ್. ಮೊಬೈಲಿನಲ್ಲಿ ಹಾಡು ಆರಿಸಬಹುದು. ಮೊಬೈಲ್ ಬೇಡ ಅನ್ನುವ ಹಿರಿಯರಿಗೆ ಬೆಳಗ್ಗೆ ಆರಕ್ಕೆ ಸುಪ್ರಭಾತ ತಾನೇ ಶುರುವಾಗುವ ಹಾಗೂ ಮಾಡಿಡಬಹುದು.

ಲ್ಯಾಪ್‌ಟಾಪೇ ಯಾಕೆ ಅಂದರೆ, ಕರೆಂಟ್ ಹೋದಾಗ ಅದರ ಬ್ಯಾಟರಿಯೇ ಯುಪಿಎಸ್. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅಗ್ಗ, ಸದ್ದೂ ಇಲ್ಲ, ಆದರೆ ಮೇಲಿಂದ ಮೇಲೆ ಕರೆಂಟ್ ಹೋದರೆ ಅದರ ಕಾರ್ಡ್ ಕೆಡುತ್ತೆ. ಸ್ಪೀಕರಿನಲ್ಲಿ ಗುಂಯ್ ಅನ್ನುತ್ತಿದ್ದರೆ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ತಪ್ಪು ಡ್ಯಾಕಿನದಲ್ಲ, ಅರ್ಥಿಂಗ್‌ದು. ಕರೆಯಬೇಕಾದ್ದು ಎಲೆಕ್ಟ್ರಿಷಿಯನ್ನನ್ನು.

ಪ್ರತಿ ಮೂರಿರಲಿ: ಲ್ಯಾಪ್‌ಟಾಪಿನಲ್ಲೊಂದು, ಪ್ರತ್ಯೇಕ ಡ್ರೈವಿನಲ್ಲೊಂದು, ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲೊಂದು. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಒಂದೇ ಪ್ಲಗ್ ಬೋರ್ಡಿನಲ್ಲಿರುವ ಎರಡೂ ಒಟ್ಟಿಗೇ ಹೋಗಬಹುದು. ಎರಡನೇ ಟ್ರಂಕಿನ ಮೂಲ ಕ್ಯಾಸೆಟ್ಟುಗಳನ್ನೂ ಎಸೆಯಬೇಡಿ ಅಂತ ರಾಯರಿಗೆ ಹೇಳಿದೆ. ಮುಂದೆ ಇನ್ನೂ ಒಳ್ಳೇ ಡೆಕ್ ಸಿಕ್ಕರೆ ಮತ್ತೊಮ್ಮೆ ಇಳಿಸಬಹುದಲ್ಲ. ಒಂದು ಟ್ರಂಕಿಗೆ ಸೊಸೆಯೂ ಒಪ್ಪಿದ್ದಾಳೆ.

ಇಳಿಸಿದ್ದನ್ನೆಲ್ಲ ಯೂಟ್ಯೂಬಿಗೆ ಹಾಕಬಹುದಾ ಅಂತ ಕೇಳುವವರಿಗೆ: ಅಂಗಡಿಯಿಂದ ತಂದದ್ದನ್ನು ಹಾಕುವಂತಿಲ್ಲ. ಧ್ವನಿಮುದ್ರಣದ ಹಕ್ಕು ನಮ್ಮಲ್ಲಿ ಪ್ರಕಟವಾದ ಮರುವರ್ಷದಿಂದ 60 ವರ್ಷ. 1978ರ ‘ನಿತ್ಯೋತ್ಸವ’ದ್ದು 2038ರ ಕೊನೆಯವರೆಗೆ. ಅಜ್ಜಿಯ ಹಸೆಹಾಡು ನಿಮ್ಮ ಮನೆಯದು, ಮನೆಯವರೆಲ್ಲ ಒಪ್ಪಿದರೆ ಧಾರಾಳವಾಗಿ ಹಂಚಿ. ಫ್ಯಾಮಿಲಿ ಗ್ರೂಪಿಗೆ ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿ. ಫೋನಿನ ಮುಂದೆ ಸ್ಪೀಕರ್ ಹಿಡಿದು ವಾಯ್ಸ್ ಮೆಸೇಜ್ ಮಾಡಿದರೆ ನೂರು ದಿನದ ಕೆಲಸ ಮತ್ತೆ ರೇಡಿಯೋ ಮುಂದಿನ ಟೇಪ್‌ರೆಕಾರ್ಡರಿಗೇ ಬಂದು ನಿಲ್ಲುತ್ತೆ.