ಮಗುವಿನ ಕಾಯಿಲೆಯ ಲೆಕ್ಕ ಎಲ್ಲಿದೆ?



ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಒಂದೊಂದು ಬೇಲ್ ಹೊಗೆಸೊಪ್ಪಿಗೂ ಲೆಕ್ಕವಿದೆ. ತಂಬಾಕು ಮಂಡಳಿಯ ಹರಾಜಿನಲ್ಲಿ ಅದರ ತೂಕ, ದರ್ಜೆ, ಬೆಲೆ ಎಲ್ಲವೂ ದಾಖಲಾಗುತ್ತವೆ. ಆ ಸೊಪ್ಪು ಬೆಳೆದವನ ಮಗು ವರ್ಷದಲ್ಲಿ ಎಷ್ಟು ದಿನ ಜ್ವರದಿಂದ ಮಲಗಿತ್ತೆಂಬುದಕ್ಕೆ ಮಾತ್ರ ಲೆಕ್ಕವಿಲ್ಲ. ಇದು ಬಡತನದ ಫಲವೆಂದು ನಾನು ಒಪ್ಪಲಾರೆ; ಇದು ಬರೆದಿಡುವ ಕ್ರಮದ ದೋಷ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಕೆಲವು ವರ್ಷಗಳಿಗೊಮ್ಮೆ ಬಂದು, ಕಳೆದ ಎರಡು ವಾರಗಳಲ್ಲಿ ಮಗುವಿಗೆ ಭೇದಿ, ಜ್ವರ, ಕೆಮ್ಮು ಇತ್ತೇ ಎಂದು ತಾಯಿಯನ್ನು ಕೇಳುತ್ತಾರೆ. ಜಿಲ್ಲೆ ಜಿಲ್ಲೆಗಳನ್ನು ಹೋಲಿಸಲು ಅದು ಸಾಕು. ಒಂದು ಊರಿಗೆ, ಒಂದು ಹಾಡಿಗೆ ಸಾಲದು. ಮಳೆಗಾಲದ ಭೇದಿ ಬೇಸಿಗೆಯಲ್ಲಿ ಕೇಳಿದರೆ ಸಿಗುವುದಿಲ್ಲ. ಸೊಪ್ಪು ಮುರಿದು ಬ್ಯಾರನ್‌ನಲ್ಲಿ ಹದ ಮಾಡುವ ತಿಂಗಳುಗಳಲ್ಲಿ ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಇಳಿದು, ಕೈಜೋಡಿಸಿದ ಮಕ್ಕಳಿಗೆ ತಲೆಸುತ್ತು, ವಾಂತಿ ಬರಬಹುದು. ಆ ಪ್ರಶ್ನೆಯೇ ಪಟ್ಟಿಯಲ್ಲಿಲ್ಲ. ಕಾಫಿ ಕೊಯ್ಲಿಗೆ ಕೊಡಗಿಗೆ ಹೋದ ಹಾಡಿಯ ಸಂಸಾರದ ಬಾಗಿಲಲ್ಲಿ ಉತ್ತರ ಹೇಳಲು ಯಾರಿರುತ್ತಾರೆ?

ಆಸ್ಪತ್ರೆಯ ದಾಖಲೆಯೂ ಪೂರ್ಣವಲ್ಲ. ಅದು ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ ಬಿಟ್ಟು ಬಂದವರ ಪಟ್ಟಿ. "ಹಲ್ಲು ಬರ್ತಾ ಇದೆ, ಅದಕ್ಕೇ ಭೇದಿ" ಎಂದು ಅಜ್ಜಿ ಸಮಾಧಾನಪಡಿಸಿದ ಮಗು ಅದರಲ್ಲಿಲ್ಲ.

ಹಾಗಾದರೆ ಉಪಾಯವೇನು? ಕಾಯಿಲೆ ಬಂದ ದಿನವೇ, ಬಂದ ಮನೆಯಲ್ಲೇ ಗುರುತಾಗಬೇಕು. ಗೋಡೆಗೊಂದು ಚಿತ್ರಗಳ ಕ್ಯಾಲೆಂಡರ್ ಸಾಕು. ಅಕ್ಷರ ಬಾರದ ತಾಯಿಯೂ ಗೀಟು ಹಾಕಬಲ್ಲಳು. ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ ನೀರಾದರೆ ಭೇದಿ. ಕೆಮ್ಮಿರುವ ಮಗುವಿನ ಉಸಿರನ್ನು ಆಶಾ ಕಾರ್ಯಕರ್ತೆ ಒಂದು ನಿಮಿಷ ಎಣಿಸಲಿ: ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಕೂಡಲೇ ಆಸ್ಪತ್ರೆಗೆ ಕಳಿಸಲಿ. ವಾರಕ್ಕೊಮ್ಮೆ ಗೀಟುಗಳ ಪ್ರತಿಯನ್ನು ಬರೆದುಕೊಳ್ಳಲಿ. ಮೂಲ ಮನೆಯಲ್ಲೇ ಇರಲಿ, ಕೊಡಗಿಗೂ ಹೋಗಲಿ.

ತಾಯಿಯ ಗೀಟು ವೈದ್ಯರ ನಿರ್ಣಯವಲ್ಲ ಎನ್ನುವವರಿದ್ದಾರೆ. ನಿಜ, ಲಕ್ಷಣವೇ ರೋಗವಲ್ಲ. ಆದರೆ ಒಂದೇ ಬೀದಿಯ ಹತ್ತು ಮನೆಗಳಲ್ಲಿ ಒಂದೇ ವಾರ ಭೇದಿಯ ಗೀಟು ಬಿದ್ದರೆ ನೀರಿನ ಕೊಳವೆ ಪರೀಕ್ಷಿಸಲು ಅಷ್ಟು ಸಾಲದೇ? ಆಶಾ ಕಾರ್ಯಕರ್ತೆಯರಿಗೆ ಹೊರೆಯಾಗುತ್ತದೆಂಬ ಮಾತು ನ್ಯಾಯವಾದದ್ದೇ. ಒಂದೇ ಮಾಹಿತಿಯನ್ನು ಹಲವೆಡೆ ಬರೆಯಿಸುವುದನ್ನು ಮೊದಲು ನಿಲ್ಲಿಸಿ, ಹೊಸ ಕೆಲಸಕ್ಕೆ ಹಣ ಕೊಡಿ.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ನಮ್ಮ ಜಿಲ್ಲೆಯ ತಿ. ನರಸೀಪುರ. ಅಂದಿನಿಂದ ಮಗುವಿನ ತೂಕ ಬರೆಯುವುದನ್ನು ಕಲಿತೆವು. ತೂಕವೇಕೆ ಇಳಿಯಿತೆಂದು ಬರೆಯುವುದು ಇನ್ನೂ ಬಾಕಿಯಿದೆ.

ನಿಮ್ಮಲ್ಲಿ ಶಿಕ್ಷಕರಾದವರಿದ್ದೀರಿ, ಅಂಗನವಾಡಿ ನಡೆಸುವವರಿದ್ದೀರಿ. ನಾಳೆಯಿಂದಲೇ ಹಾಜರಿ ಪುಸ್ತಕದಲ್ಲಿ ಮಗು ಗೈರೆಂದು ಬರೆದ ಕಡೆ, ಏಕೆಂಬುದನ್ನೂ ಕೇಳಿ ಬರೆಯಿರಿ. ಅದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ.